ಮದರಸಾಬರ ಹೋಟೆಲ್ ಉಳಿಸುವ ಸಮಿತಿ

ರೋಣದ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಲಕ್ಕೆ ಬಸ್ಸಿಗಿಂತ ಮೊದಲು ಬರುತ್ತಿದ್ದುದು ಕರೆಪ್ಪನ ಧ್ವನಿ. ಕರೆಯುವುದೇ ಕಸುಬಾಗಲಿದ್ದ ಮಗನಿಗೆ ಕರೆಪ್ಪ ಎಂದು ಹೆಸರಿಟ್ಟ ತಂದೆ-ತಾಯಿಯ ದೂರದೃಷ್ಟಿಯನ್ನು ಮೆಚ್ಚಬೇಕು. ಕಂಟ್ರೋಲರ್ ಖೋಲಿಯ ಜಾಳಿಗೆಯ ಹಿಂದೆ ಕೂತು, ಮೈಕನ್ನು ಬೆರಳಿನಿಂದ ತಟ್ಟಿ, ಗಂಟಲು ಸರಿಮಾಡಿಕೊಂಡು, ಮನೆಯಲ್ಲಿ ಎಂದೂ ಆಡದ ಕನ್ನಡದಲ್ಲಿ ಆತ, “ಪ್ರಯಾಣಿಕರ ಗಮನಕ್ಕೆ! ನರಗುಂದ ಮಾರ್ಗವಾಗಿ ಹುಬ್ಬಳ್ಳಿಗೆ ತೆರಳುವ ವಾಹನವು ಇನ್ನು ಕೆಲವೇ ಕ್ಷಣಗಳಲ್ಲಿ...” ಎಂದರೆ ಸಾಕು, ಆ ವಾಹನ ಇನ್ನೂ ಗಜೇಂದ್ರಗಡದಲ್ಲಿ ಪಂಕ್ಚರ್ ತೆಗೆಸಿಕೊಳ್ಳುತ್ತ ನಿಂತಿದ್ದರೂ ಮಂದಿ ಗಂಟುಮೂಟೆ ಎತ್ತಿ ಹೆಗಲಿಗೇರಿಸುತ್ತಿದ್ದರು. ಬಸ್ಸು ಬರದಿದ್ದರೆ ಕರೆಪ್ಪ ತಪ್ಪು ಹೇಳಿದನೆಂದು ಯಾರೂ ಅನ್ನುತ್ತಿರಲಿಲ್ಲ. ಬಸ್ಸೇ ತಪ್ಪಿತು ಎನ್ನುತ್ತಿದ್ದರು.

ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಭಾಷಣ ಮಾಡಿದರು. ಮೈಕು ಅಲ್ಲೇ ಉಳಿಯಿತು. ಗಂಟಲು ಕರೆಪ್ಪನ ಸಂಗಡ ಮನೆಗೆ ಬಂತು. ಮೈಕಿಲ್ಲದ ಗಂಟಲು ಮನೆಯಲ್ಲಿ ಎಷ್ಟು ಉಪದ್ರವ ಕೊಡಬಲ್ಲದು ಎಂಬುದನ್ನು ಅವನ ಹೆಂಡತಿ ಸಕ್ಕೂಬಾಯಿಯನ್ನೇ ಕೇಳಬೇಕು. ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಮಧ್ಯಾಹ್ನದ ಭೋಜನದ ಸಮಯ ಸಮೀಪಿಸಿದ್ದು...” ಎಂದು ಅವನು ಆರಂಭಿಸಿದರೆ, ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಗಾಡಿ ಲೇಟ್ ಐತಿ. ಹೊರಗ ಕುಂದರ್ರಿ,” ಎನ್ನುವಳು.

ಹೊರಗೆ ಎಂದರೆ ಮದರಸಾಬನ ಹೋಟೆಲು. ಬೋರ್ಡಿನ ಮೇಲೆ ‘ನ್ಯೂ ಗುಲಾಬ್ ಟೀ ಕ್ಲಬ್’ ಎಂದಿತ್ತು. ಅದು ‘ನ್ಯೂ’ ಆಗಿದ್ದನ್ನು ಕಂಡವರು ಈಗ ಊರಲ್ಲಿ ಯಾರೂ ಉಳಿದಿರಲಿಲ್ಲ. ಮದರಸಾಬನ ಅಪ್ಪ ಇಟ್ಟ ಹೋಟೆಲು. ಚುರಮರಿ ಒಗ್ಗರಣಿ, ಮಿರ್ಚಿ, ಚಹಾ, ಇಷ್ಟೇ. ಇಟಗಿಯ ಗ್ಯಾನಪ್ಪ ಕಡಾಯಿಯ ಮುಂದೆ ನಿಂತು ಮಿರ್ಚಿ ಬಿಟ್ಟನೆಂದರೆ ಅದರ ವಾಸನೆ ಬಸ್ ಸ್ಟ್ಯಾಂಡಿನ ತನಕ ಹೋಗಿ, ಹೊರಟ ಬಸ್ಸಿನಿಂದ ಮಂದಿಯನ್ನು ಇಳಿಸಿಕೊಂಡು ಬರುತ್ತಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದ ಕುರ್ಚಿ ಕರೆಪ್ಪನದು. ಮುಂಜಾನೆ ಅರ್ಧ ಕಪ್ಪು ಚಹಾ ಹೇಳಿ ಅದರಲ್ಲಿ ಕೂತನೆಂದರೆ, ಪೇಪರಿನಲ್ಲಿ ‘ಹೆಸರು ಬದಲಾವಣೆ’ ಜಾಹೀರಾತಿನವರೆಗೆ ಓದಿ, ಓದಿದ್ದನ್ನೆಲ್ಲ ಹೋಟೆಲಿಗೆ ಪ್ರಕಟಿಸಿ, ಊಟಕ್ಕೇ ಏಳುತ್ತಿದ್ದ. ಇಡೀ ರೋಣದಲ್ಲಿ ಅವನ ಮಾತಿಗೆ ಕಿವಿಗೊಡುವ ಜಾಗ ಅದೊಂದೇ ಉಳಿದಿತ್ತು. ಆ ಕುರ್ಚಿ ಹೋದರೆ ತಾನು ಬರೀ ಸಕ್ಕೂಬಾಯಿಯ ಗಂಡ, ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಕರೆಪ್ಪನಿಗೆ ಗಾಢ ನಿದ್ದೆ ಬಂದದ್ದೇ ಅನರ್ಥಕ್ಕೆ ಮೂಲವಾಯಿತು.

ರೋಣದ ಬಜಾರಕ್ಕೆ ಒಂದು ರೀತಿಯುಂಟು. ಬೀದಿಯಲ್ಲಿ ಹೆಣ ಹಾದುಹೋಗುವಾಗ ಅಂಗಡಿಕಾರರು ಶಟರನ್ನು ಅರ್ಧಕ್ಕೆ ಇಳಿಸಿ, ಬಾಗಿಲಲ್ಲಿ ಕೈಮುಗಿದು ನಿಲ್ಲುತ್ತಾರೆ. ಹಾದುಹೋದ ಮೇಲೆ ಮತ್ತೆ ಏರಿಸುತ್ತಾರೆ. ಸತ್ತವನಿಗೂ ಮರ್ಯಾದೆ, ವ್ಯಾಪಾರಕ್ಕೂ ಮರ್ಯಾದೆ. ಆ ಮಧ್ಯಾಹ್ನ ಹಳೇ ಬಳೆಗಾರ ಅಜ್ಜನೊಬ್ಬನ ಹೆಣ ಹೋಯಿತು. ಎಲ್ಲರೂ ಶಟರ್ ಇಳಿಸಿದರು, ಎಲ್ಲರೂ ಏರಿಸಿದರು. ಮದರಸಾಬ ಮಾತ್ರ ಏರಿಸಲಿಲ್ಲ. ಅಜ್ಜ ದಿನಾ ಚಹಾಕ್ಕೆ ಬರುತ್ತಿದ್ದವನು. ಹೆಗಲ ಮೇಲಿನ ಅರಿವೆಯನ್ನು ಗಲ್ಲಾದ ಮೇಲಿಟ್ಟು, ಶಟರನ್ನು ಹಾಗೇ ಅರ್ಧಕ್ಕೆ ಬಿಟ್ಟು ಹೆಣದ ಹಿಂದೆ ಮಣ್ಣಿಗೆ ಹೋದ. ಗಿರಾಕಿ ಇಲ್ಲದ ಹೊತ್ತೆಂದು ಗ್ಯಾನಪ್ಪ ದೊಡ್ಡ ಹಿತ್ತಾಳೆ ಪಾತೇಲಿಯನ್ನು ತಲೆಯ ಮೇಲೆ ಹೊತ್ತುಕೊಂಡು ಕಲಾಯಿ ಹಾಕಿಸಲು ಹೊರಟ.

ಸರಿಯಾಗಿ ಆಗ ಕರೆಪ್ಪ ನಿದ್ದೆಯಿಂದ ಎದ್ದು ಬಜಾರಕ್ಕೆ ಬಂದ.

ಅವನು ಕಂಡದ್ದೇನು? ಬಜಾರದ ಎಲ್ಲ ಅಂಗಡಿ ತೆರೆದಿವೆ, ಹಾಗಾದರೆ ಹೆಣ ಹೋದದ್ದಲ್ಲ. ಮದರಸಾಬನ ಶಟರೊಂದೇ ಅರ್ಧಕ್ಕಿಳಿದಿದೆ. ಒಳಗೆ ಕತ್ತಲು. ಗಲ್ಲಾದ ಮೇಲೆ ಅನಾಥವಾಗಿ ಬಿದ್ದ ಅರಿವೆ. ಮತ್ತು ಹೋಟೆಲಿನ ಅತಿ ದೊಡ್ಡ ಪಾತೇಲಿ ಗ್ಯಾನಪ್ಪನ ತಲೆಯೇರಿ ಊರ ಹೊರಗಿನ ದಿಕ್ಕಿಗೆ ಹೋಗುತ್ತಿದೆ! ಕರೆಪ್ಪ ನಿಂತಲ್ಲೇ ಲೆಕ್ಕ ಹಾಕಿದ. ಸಾಮಾನು ಸಾಗಿಸುತ್ತಿದ್ದಾರೆ. ಹೋಟೆಲ್ ಮುಚ್ಚುತ್ತಿದೆ.

ಗ್ಯಾನಪ್ಪನನ್ನು ಕೂಗಿ ಒಂದು ಮಾತು ಕೇಳಬಹುದಿತ್ತು. ಆದರೆ ಕಂಟ್ರೋಲರ್ ಎನ್ನುವವನು ಕೇಳುವುದಿಲ್ಲ, ಹೇಳುತ್ತಾನೆ. ಕರೆಪ್ಪ ಅಲ್ಲೇ ಬೇವಿನ ಗಿಡದ ಕೆಳಗೆ ನಿಂತು ಫೋನು ತೆಗೆದು, ‘ಬಜಾರ ಹಿರಿಯರ ಬಳಗ’ ಎಂಬ ಗುಂಪಿಗೆ ಧ್ವನಿ ಸಂದೇಶ ಬಿಟ್ಟ. “ಸಮಸ್ತ ನಾಗರಿಕರ ಗಮನಕ್ಕೆ! ಬಹುಕಾಲದಿಂದ ತಮ್ಮೆಲ್ಲರ ಸೇವೆಯಲ್ಲಿದ್ದ ಮದರಸಾಬರ ಹೋಟೆಲು ತನ್ನ ಸಂಚಾರವನ್ನು... ತನ್ನ ವ್ಯವಹಾರವನ್ನು ಶಾಶ್ವತವಾಗಿ ಸ್ಥಗಿತಗೊಳಿಸುತ್ತಿದೆ ಎಂದು ತಿಳಿಸಲು ವಿಷಾದಿಸುತ್ತೇವೆ.”

ಮನೆಗೆ ಬರುವಷ್ಟರಲ್ಲಿ ಫೋನು ಸಿಡಿಯುವ ಮಿರ್ಚಿಯಂತೆ ಚಟಪಟ ಅನ್ನುತ್ತಿತ್ತು. ಕೈಮುಗಿದ ಚಿತ್ರ, ಅಳುವ ಮುಖದ ಚಿತ್ರ, ‘ಛೇ’ ಎಂಬುವರು, ‘ಛೇ ಛೇ’ ಎಂಬುವರು. ನಿವೃತ್ತನಾದ ಮೇಲೆ ಅವನ ಒಂದು ಮಾತಿಗೆ ಇಷ್ಟು ಮಂದಿ ಎದ್ದು ಕೂತದ್ದು ಇದೇ ಮೊದಲು. ದುಃಖದಲ್ಲೂ ಒಂದು ಬಗೆಯ ಸಮಾಧಾನವಿರುತ್ತದೆಂದು ಕರೆಪ್ಪ ಅಂದು ಕಂಡುಕೊಂಡ.

“ಮದರಸಾಬ್ರು ಹೇಳಿದ್ರೇನು?” ಎಂದು ಸಕ್ಕೂಬಾಯಿ ಕೇಳಿದಳು.

“ಕಣ್ಣಾರೆ ಕಂಡೇನಿ.”

“ಕಣ್ಣು ಅಲ್ಲ, ಕಿವಿ ಕೇಳಾಕ ಹತ್ತೇನಿ. ಅವ್ರು ಬಾಯಿಬಿಟ್ಟು ಹೇಳಿದ್ರೇನು?”

“ಇಂಥಾ ಮಾತು ಯಾರರ ಬಾಯಿಬಿಟ್ಟು ಹೇಳ್ತಾರೇನ? ಹುಚ್ಚಿ!”

ಮರುದಿನ ಮುಂಜಾನೆ ಹುಚ್ಚಿಯ ಗಂಡ ಬಜಾರಕ್ಕೆ ಹೋದಾಗ ಹೋಟೆಲು ತೆರೆದಿತ್ತು. ಪೂರಾ ತೆರೆದಿತ್ತು. ಒಲೆ ಉರಿಯುತ್ತಿತ್ತು. ಕಲಾಯಿ ಹಾಕಿಸಿಕೊಂಡ ಪಾತೇಲಿ ಮದುಮಗಳಂತೆ ಫಳಫಳ ಹೊಳೆಯುತ್ತಿತ್ತು. ಮದರಸಾಬ ಬಾಗಿಲಲ್ಲಿ ನಿಂತು ಬೀದಿಯ ತುದಿಯನ್ನು ನೋಡುತ್ತಿದ್ದ.

“ಬರ್ರಿ ಕಂಟ್ರೋಲರ್ ಸಾಹೇಬ್ರ,” ಎಂದ ಮದರಸಾಬ. “ಚಾ ಸ್ವಲ್ಪ ತಡಾ ಆಗತೈತಿ. ಹಾಲು ಬಂದಿಲ್ರಿ.”

“ಯಾಕ?” ಎಂದ ಕರೆಪ್ಪ.

“ಹಾಲಿನ ಮಾಳಿಂಗರಾಯ ಫೋನ್ ಮಾಡಿದ್ದ. ‘ನಿಮ್ಮ ಹೋಟೆಲ್ ಮುಚ್ಚೈತಂತಲ್ಲ ಕಾಕಾ, ಹಾಲು ಕೆಡಬಾರ್ದಂತ ಬೇಕರಿಗೆ ಹಾಕಿದೆ, ಅವ್ರು ಇನ್ನ ದಿನಾ ನಮಗ ಹಾಕು ಅಂದ್ರು’ ಅಂದ. ಯಾರೋ ಮುಚ್ಚತೈತಿ ಅಂದಾರಂತ್ರಿ.”

“ಯಾರು?”

“ಊರು ಅಂತೈತಿ.”

“ಊರಿಗೆ ಬ್ಯಾರೆ ಕೆಲಸಿಲ್ಲ!” ಎಂದು ಕರೆಪ್ಪ ಎಷ್ಟು ಗಟ್ಟಿಯಾಗಿ ಗುಡುಗಿದನೆಂದರೆ, ಎದುರಿನ ಕಿರಾಣಿ ಅಂಗಡಿಯ ಕನಕರಾಜ ತಕ್ಕಡಿ ಬಿಟ್ಟು ಹೊರಗೆ ಬಂದ. ಬಂದವನು ತೆರೆದ ಹೋಟೆಲನ್ನು ನೋಡಿದ, ಕರೆಪ್ಪನನ್ನು ನೋಡಿದ.

“ಏನ್ರಿ ಕಂಟ್ರೋಲರ್, ಹೋಟೆಲ್ ಚಾಲೂ ಐತಲ್ಲ? ನೀವು ನಿನ್ನೆ...”

ಈಗ ಓದುಗರು ಕರೆಪ್ಪನ ಸ್ಥಾನದಲ್ಲಿ ನಿಂತು ವಿಚಾರಿಸಬೇಕು. ರದ್ದಾಗಿದೆ ಎಂದು ಹೇಳಿದ ಬಸ್ಸು ಹಾರ್ನು ಹೊಡೆಯುತ್ತ ಸ್ಟ್ಯಾಂಡಿಗೆ ಬಂದು ನಿಂತರೆ ಕಂಟ್ರೋಲರ್ ಏನು ಮಾಡಬೇಕು? ತಪ್ಪಾಯಿತು ಎನ್ನಬೇಕೆ? ಹಾಗೆ ಅಂದ ಕಂಟ್ರೋಲರ್ ಈ ಸೀಮೆಯಲ್ಲಿ ಹುಟ್ಟಿಲ್ಲ. ಕರೆಪ್ಪ ಕನಕರಾಜನ ಹೆಗಲಿಗೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದು ಪಿಸುಗುಟ್ಟಿದ.

“ತಿಂಗಳ ಕಡೀತನಕ ಅಷ್ಟ. ಪಾಪ, ಮಾನಸ್ಥ ಮನಿಶಾ. ಬಾಯಿಬಿಡವಲ್ಲ.”

ಪಿಸುಮಾತಿಗೆ ಕಾಲು ಹೆಚ್ಚು. ಸಂಜೆಯೊಳಗೆ ‘ತಿಂಗಳ ಕಡೀತನಕ’ ಎಂಬುದು ಊರೆಲ್ಲ ಸುತ್ತಿ, ಮದರಸಾಬನ ಕಿವಿಗೇ ಬಂದು ಮುಟ್ಟಿತು. ಮದರಸಾಬ, “ಇಲ್ರಿ, ಹಂಗೇನಿಲ್ಲ,” ಎಂದ. ಎಷ್ಟು ಸಲ ಇಲ್ಲ ಎಂದನೋ ಅಷ್ಟೂ ಸಲ ಮಂದಿ ಅವನ ಕೈ ಹಿಡಿದು, “ಧೈರ್ಯಾ ಬಿಡಬ್ಯಾಡ್ರಿ,” ಎಂದರು.

ರಾತ್ರಿಯೆಲ್ಲ ಹೊರಳಾಡಿದ ಕರೆಪ್ಪನಿಗೆ ಬೆಳಗಾಗುವಷ್ಟರಲ್ಲಿ ದಾರಿ ಹೊಳೆದಿತ್ತು. ತಿಂಗಳ ಕೊನೆಗೆ ಹೋಟೆಲು ಮುಚ್ಚದಿದ್ದರೆ ತಾನು ಸುಳ್ಳನಾಗುತ್ತೇನೆ. ಆದರೆ ಮುಚ್ಚಬೇಕಾಗಿದ್ದ ಹೋಟೆಲನ್ನು ತಾನೇ ಮುಂದೆ ನಿಂತು ಉಳಿಸಿದರೆ? ಮುಚ್ಚದ ಹೋಟೆಲನ್ನು ಉಳಿಸುವಷ್ಟು ಸುಲಭದ ಸಮಾಜಸೇವೆ ಇನ್ನೊಂದುಂಟೆ? ಏನೂ ಮಾಡದೆ ಕೂತರೂ ಜಯವೇ!

‘ಮದರಸಾಬರ ಹೋಟೆಲ್ ಉಳಿಸುವ ಸಮಿತಿ’ ಹೀಗೆ ಹುಟ್ಟಿತು. ಅಧ್ಯಕ್ಷ ಕರೆಪ್ಪ. ಗೌರವಾಧ್ಯಕ್ಷರು, ಹೋಟೆಲಿದ್ದ ಕಟ್ಟಡದ ಮಾಲಕರಾದ ಮುತ್ತಣ್ಣ. ಕಾರ್ಯದರ್ಶಿ ಕಿರಾಣಿ ಕನಕರಾಜ. ಮಾರ್ಗದರ್ಶಕರು ನಿವೃತ್ತ ಹೆಡ್‌ಮಾಸ್ತರರು. ಸಭೆ ಎಲ್ಲಿ ಎಂಬ ಪ್ರಶ್ನೆಯೇ ಏಳಲಿಲ್ಲ. ಹೋಟೆಲ್ ಉಳಿಸುವ ಸಭೆಯನ್ನು ಹೋಟೆಲಿನಲ್ಲಲ್ಲದೆ ದವಾಖಾನೆಯಲ್ಲಿ ಮಾಡುತ್ತಾರೆಯೇ?

ಸಂತೆಯ ದಿನ, ಒಗ್ಗರಣಿ ಹೊಗೆಯಾಡುವ ಹೊತ್ತಿಗೆ ಸರಿಯಾಗಿ ಸಮಿತಿ ಎಲ್ಲ ಟೇಬಲ್ಲುಗಳನ್ನು ಆಕ್ರಮಿಸಿತು. ಎಲ್ಲರೂ ಅರ್ಧರ್ಧ ಕಪ್ಪು ಚಹಾ ಹೇಳಿದರು. ವಿಷಯ: ಊರಿನ ಹೋಟೆಲು, ಅಂಗಡಿಗಳು ಯಾಕೆ ಮುಚ್ಚುತ್ತಿವೆ?

ಹೆಡ್‌ಮಾಸ್ತರರು ಎದ್ದು ನಿಂತು, ಮೂಗಿನ ಮೇಲಿಂದ ಜಾರಿದ ಕನ್ನಡಕವನ್ನು ಎತ್ತದೆಯೇ, ಪಾಠದ ಧಾಟಿಯಲ್ಲಿ ಶುರುಮಾಡಿದರು. “ಮೂಲ ಕಾರಣ ಮೊಬೈಲು! ಇವತ್ತಿನ ಹುಡುಗರು ಹೋಟೆಲಿನೊಳಗ ಕುಂತು ಮಾತಾಡೂದ ಬಿಟ್ಟಾರ. ಈ ಬಗ್ಗೆ ಒಂದು ಛಲೋ ಲೇಖನ ಬಂದೈತಿ, ಓದ್ತೀನಿ ತಡೀರಿ,” ಎಂದು ಮೊಬೈಲು ತೆಗೆದು ಓದತೊಡಗಿದವರು, ನಡುವೆ ಮೊಮ್ಮಗನ ಫೋನು ಬಂದು ಹೊರಗೆ ಹೋದರು.

ಕನಕರಾಜ ಗುಡುಗಿದ. “ನಾ ಹೇಳ್ತೀನಿ ಕೇಳ್ರಿ. ಮಂದಿ ಕುಂತಲ್ಲೆ ಎಲ್ಲಾ ತರಸ್ತಾರ. ಸಾಬಾಣ ಸೈತ ಫೋನಿನ್ಯಾಗ! ನಮ್ಮಂಥಾ ಅಂಗಡಿಯಂವ ಉಪಾಸ ಸಾಯಬೇಕು...” ಅಷ್ಟರಲ್ಲಿ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡವನೊಬ್ಬ ಬಾಗಿಲಲ್ಲಿ ಇಣುಕಿ, “ಕನಕರಾಜ ಅಂದ್ರ ಯಾರ್ರಿ? ಬೂಟಿನ ಪಾರ್ಸೆಲ್ ಐತಿ,” ಎಂದ. ಕಾರ್ಯದರ್ಶಿಗಳು ಮಾತು ಅರ್ಧಕ್ಕೆ ಬಿಟ್ಟು ಸಹಿ ಹಾಕಲು ಹೋದರು.

ಮುತ್ತಣ್ಣ ಹೊಟ್ಟೆ ಸವರಿಕೊಂಡು, “ಎಲ್ಲಾ ಹಾಳ ಮಾಡಿದ್ದು ಆ ಧಾಬಾಗೋಳು,” ಎಂದರು. “ಗಜೇಂದ್ರಗಡ ರೋಡಿಗೆ ಹೊಸಾದು ಆಗೇತಿ ನೋಡ್ರಿ. ನಿನ್ನೆ ಮೊಮ್ಮಗಳ ಬರ್ತ್‌ಡೇ ಅಂತ ಹೋಗಿದ್ವಿ. ಏನು ಲೈಟು, ಏನು ಕಾರಂಜಿ! ಮದರಸಾಬ್ರ, ನೀವೂ ಒಂದು ಕಾರಂಜಿ ಹಾಕಸ್ರಿ.”

ಮದರಸಾಬ ನೀರಿನ ಜಗ್ಗು ಹಿಡಿದು ನಡುವೆ ನಿಂತಿದ್ದ. ಅಧ್ಯಕ್ಷರು, “ಈಗ ಸ್ವತಃ ಮದರಸಾಬರು ತಮ್ಮ ಮನದಾಳದ ಮಾತುಗಳನ್ನು...” ಎಂದು ಕೈ ತೋರಿಸಿದರು.

“ಕುರ್ಚಿ ಸ್ವಲ್ಪ ಸರಸ್ತೀರೇನ್ರಿ?” ಎಂದ ಮದರಸಾಬ. “ಒಳಗ ಚುರಮರಿ ಚೀಲ ಒಯ್ಯಬೇಕು.”

ಚಪ್ಪಾಳೆ ಬಿತ್ತು. ಆಗಲೇ ನರಗುಂದದ ಬಸ್ಸಿನಿಂದ ಇಳಿದ ಒಂದು ಸಂಸಾರ ಬಾಗಿಲಿಗೆ ಬಂತು. ಗಂಡ, ಹೆಂಡತಿ, ಮಿರ್ಚಿಯನ್ನು ಕಣ್ಣಲ್ಲೇ ತಿನ್ನುತ್ತಿದ್ದ ಎರಡು ಕೂಸುಗಳು.

“ಜಾಗಾ ಐತೇನ್ರಿ?” ಎಂದ ಗಂಡಸು.

“ಇಲ್ರಿ,” ಎಂದ ಕರೆಪ್ಪ, ಮಾತಿಗೆ ತಡೆಯಾದ ಸಿಟ್ಟಿನಲ್ಲಿ. “ಹೋಟೆಲ್ ಉಳಸಾಕ ಹತ್ತೇವಿ. ಆಮ್ಯಾಲ ಬರ್ರಿ.”

ಅವರು ಎದುರಿನ ಅಂಗಡಿಯಲ್ಲಿ ಚಿಪ್ಸ್ ಪಾಕೀಟು ಕೊಂಡು ಹೋದರು. ಅವರ ಬೆನ್ನ ಹಿಂದೆಯೇ ಬಂದ ಜಕ್ಕಲಿಯ ನಾಲ್ಕು ಮಂದಿ, ಅವರ ಹಿಂದಿನ ಕಾಲೇಜು ಹುಡುಗಿಯರು, ಎಲ್ಲರೂ ಇಣುಕಿ ನೋಡಿ ತಿರುಗಿದರು. ಗ್ಯಾನಪ್ಪ ಕರಿದಿಟ್ಟ ಮಿರ್ಚಿ ತಣ್ಣಗಾಗಿ, ಮೆತ್ತಗಾಗಿ, ಸಮಿತಿಯ ಸದಸ್ಯರಂತೆ ಒಂದರ ಮೇಲೊಂದು ಒರಗಿಕೊಂಡವು.

ಸಭೆಯ ನಿರ್ಣಯದಂತೆ ಒಂದು ಬ್ಯಾನರ್ ಮಾಡಿಸಬೇಕಾಯಿತು. ಬ್ಯಾನರಿನ ಅಂಗಡಿಯವನು, “ಒಬ್ಬರ ಫೋಟೋ ನಡುವ ಬರೂ ಡಿಸೈನ್ ಒಂದ ರೆಡಿ ಐತಿ, ಲಗೂ ಆಗತೈತಿ,” ಎಂದ. ಅವನ ಬಳಿ ತಯಾರಿದ್ದುದು ಶ್ರದ್ಧಾಂಜಲಿಯ ನಮೂನೆ. ‘ಮತ್ತೆ ಹುಟ್ಟಿ ಬಾ’ ಎಂಬುದನ್ನು ಅಳಿಸಿ ‘ಉಳಿಯಲಿ ನಮ್ಮ ಹೋಟೆಲ್’ ಎಂದು ಬರೆದ. ಸುತ್ತಲಿನ ಬಿಳಿ ಹೂವು, ಎರಡು ಬದಿಯ ದೀಪ ಮತ್ತು ಮೋಡದ ನಡುವಿನಿಂದ ನಗುವ ಮದರಸಾಬನ ಫೋಟೋ ಹಾಗೇ ಉಳಿದವು. ಬ್ಯಾನರನ್ನು ಹೋಟೆಲಿನ ಬೋರ್ಡಿನ ಮೇಲೆಯೇ ಕಟ್ಟಿದರು. ಹೊಸಬರಿಗೆ ಅಲ್ಲೊಂದು ಹೋಟೆಲಿದೆ ಎಂದು ತಿಳಿಯುವ ಕೊನೆಯ ಆಧಾರವೂ ಅದರ ಹಿಂದೆ ಮುಚ್ಚಿಹೋಯಿತು.

ಮರುದಿನ ಲಕ್ಕಲಕಟ್ಟಿಯಿಂದ ಮದರಸಾಬನ ಹೆಂಡತಿಯ ಅಣ್ಣ ಮಹಮ್ಮದಸಾಬ ಟಂಟಂನಲ್ಲಿ ಮಂದಿಯನ್ನು ತುಂಬಿಕೊಂಡು ಅಳುತ್ತಲೇ ಬಂದಿಳಿದ. ಬ್ಯಾನರಿನ ಫೋಟೋ ಯಾರೋ ಅವನಿಗೆ ಕಳಿಸಿದ್ದರು. ಒಳಗೆ ನುಗ್ಗಿದವನಿಗೆ ಮದರಸಾಬ ಗಿಲಾಸು ತೊಳೆಯುತ್ತಿರುವುದು ಕಂಡಿತು.

“ಭಾವಾ!” ಎಂದು ಅವನು ಗೋಡೆ ಹಿಡಿದುಕೊಂಡ. “ನೀ... ಅದಿ?”

“ಅದೀನಿ. ಬಾ, ಕುಂದರು. ಒಗ್ಗರಣಿ ತಿಂತಿ?”

“ಫೋಟೋದಾಗ ದೀಪಾ ಹಚ್ಚ್ಯಾರಲ್ಲೋ ನಿನಗ!”

“ಅದು ಹೋಟೆಲ್ ಉಳಸಾಕಂತ,” ಎಂದ ಮದರಸಾಬ. ಟಂಟಂನಲ್ಲಿ ಬಂದಿದ್ದ ಹೆಂಗಸರು ಅಳಲೆಂದು ತೆಗೆದ ಧ್ವನಿಯನ್ನು ಏನು ಮಾಡಬೇಕೆಂದು ತಿಳಿಯದೆ, ಆ ಧ್ವನಿಯಲ್ಲೇ ಕರೆಪ್ಪನನ್ನು ಬೈದು ಹೋದರು.

ಆದರೂ ಬ್ಯಾನರಿನಿಂದ ಒಂದು ಉಪಕಾರವಾಯಿತು ಎನ್ನಬೇಕು. ಆ ಭಾನುವಾರ ಇಡೀ ರೋಣ ‘ಕಡೀ ಮಿರ್ಚಿ’ ತಿನ್ನಲು ಬಂತು. ವರ್ಷಗಟ್ಟಲೆ ಈ ಕಡೆ ಮುಖ ಹಾಕದವರು ಹೆಂಡತಿ-ಮಕ್ಕಳನ್ನು ಕರೆತಂದರು. ಗದಗದಲ್ಲಿ ಮನೆ ಕಟ್ಟಿಸಿಕೊಂಡವರು ಕಾರು ಮಾಡಿಕೊಂಡು ಬಂದರು. ಮಿರ್ಚಿಯ ಫೋಟೋ ತೆಗೆದರು. ಮಿರ್ಚಿ ಹಿಡಿದ ತಮ್ಮ ಫೋಟೋ ತೆಗೆದರು. ಮದರಸಾಬನನ್ನು ನಡುವೆ ನಿಲ್ಲಿಸಿ ಹೆಗಲ ಮೇಲೆ ಕೈಹಾಕಿ ತೆಗೆಸಿಕೊಂಡರು. “ನಮ್ಮಪ್ಪ ನನಗ ಮೊದಲನೇ ಸಲ ಚಾ ಕುಡಿಸಿದ್ದು ಇಲ್ಲೇರಿ,” ಎಂದು ಒಬ್ಬ ಕಣ್ಣೊರೆಸಿಕೊಂಡ. “ನಾ ಹೆಣ್ಣು ನೋಡಿ ಬಂದು ಒಪ್ಪಿಗಿ ಹೇಳಿದ್ದು ಆ ಮೂಲ್ಯಾಗ,” ಎಂದ ಇನ್ನೊಬ್ಬ. ಮದರಸಾಬನ ಹೆಂಡತಿ ಕಾಶೀಂಬಿಯೂ ಮನೆಯಿಂದ ಬಂದು ಮೆಣಸಿನಕಾಯಿ ಸೀಳಲು ಕೂತಳು. ಕಡಲೆಹಿಟ್ಟು ತೀರಿತು, ತರಿಸಿದರು, ಮತ್ತೆ ತೀರಿತು. ಮದರಸಾಬನ ಮುಖದಲ್ಲಿ ಬಹಳ ಕಾಲದ ಮೇಲೆ ಬೆವರು ಮತ್ತು ನಗೆ ಒಟ್ಟಿಗೆ ಕಂಡವು.

“ನೋಡಿದ್ರೆಲ್ಲ!” ಎಂದ ಕರೆಪ್ಪ ಬಾಗಿಲಲ್ಲಿ ನಿಂತು. “ಹೋಟೆಲ್ ಉಳೀತು!”

ಸೋಮವಾರ ಒಬ್ಬನೂ ಬರಲಿಲ್ಲ.

ಮಂಗಳವಾರವೂ ಇಲ್ಲ. ಇದರ ಮರ್ಮ ಕರೆಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕಡೀ ಮಿರ್ಚಿ ತಿಂದ ಮೇಲೆ ಇನ್ನೊಂದು ತಿನ್ನುವುದು ಹೇಗೆ? ಕಣ್ಣೀರು ಹಾಕಿ, ಫೋಟೋ ತೆಗೆಸಿಕೊಂಡು, ಕೈಕುಲುಕಿ ಬೀಳ್ಕೊಟ್ಟವನ ಮುಂದೆ ಮರುದಿನ ಹೋಗಿ ‘ಒಂದು ಚಾ’ ಎಂದರೆ ಏನು ಮರ್ಯಾದೆ? ದಿನಾ ಬರುತ್ತಿದ್ದವರು ಕೂಡ ಹೋಟೆಲಿನ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸಿ ಲಗುಲಗು ನಡೆಯತೊಡಗಿದರು, ಸಾಲ ಮಾಡಿದವರಂತೆ. ಎಲ್ಲರ ಮನಸ್ಸಿನಲ್ಲೂ ಹೋಟೆಲು ಮುಚ್ಚಿಯಾಗಿತ್ತು. ತೆರೆದಿದ್ದುದು ಶಟರು ಮಾತ್ರ.

ಆ ವಾರವೇ ಗ್ಯಾನಪ್ಪ ಕರೆಪ್ಪನ ಮನೆಗೆ ಬಂದ. ಒಳಗೆ ಬಾ ಎಂದರೂ ಬರದೆ ಹೊಸ್ತಿಲ ಹೊರಗೇ ನಿಂತ.

“ಸಾಹೇಬ್ರ, ಗಜೇಂದ್ರಗಡ ರೋಡಿನ ಧಾಬಾದವ್ರು ಕರ್ಯಾಕ ಹತ್ಯಾರ. ‘ಹ್ಯಾಂಗೂ ನಿಮ್ಮದು ಮುಚ್ಚತೈತಿ, ಇಲ್ಲಿಗೆ ಬಾ’ ಅಂತಾರ. ಮಾಲಕರನ್ನ ಕೇಳಿದ್ರ ‘ಮುಚ್ಚೂದಿಲ್ಲೋ’ ಅಂತಾರ. ನೀವು ಅಧ್ಯಕ್ಷರು. ಖರೇ ಹೇಳ್ರಿ. ಮುಚ್ಚತೈತೋ, ಇಲ್ಲೋ?”

ಕರೆಪ್ಪನ ಜೀವನದಲ್ಲಿ ಯಾರೂ ಅವನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ‘ಇಲ್ಲ, ಮುಚ್ಚೂದಿಲ್ಲ, ನಾ ಹೇಳಿದ್ದು ಸುಳ್ಳು’ ಎಂದರೆ ಗ್ಯಾನಪ್ಪ ಉಳಿಯುತ್ತಿದ್ದ. ಗ್ಯಾನಪ್ಪ ಉಳಿದರೆ ಮಿರ್ಚಿ ಉಳಿಯುತ್ತಿತ್ತು, ಮಿರ್ಚಿ ಉಳಿದರೆ ಹೋಟೆಲು. ಮಾತು ಗಂಟಲಿನ ತನಕ ಬಂತು. ಅಡಿಗೆಮನೆಯ ಬಾಗಿಲಲ್ಲಿ ಸಕ್ಕೂಬಾಯಿ ಸೌಟು ಹಿಡಿದು ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು. ಹೆಂಡತಿಯ ಮುಂದೆ, ಅಡಿಗೆಯವನ ಮುಂದೆ...

“ವಿಷಯವು ಸಮಿತಿಯ ಪರಿಶೀಲನೆಯಲ್ಲಿದೆ,” ಎಂದುಬಿಟ್ಟ ಕರೆಪ್ಪ.

ಗ್ಯಾನಪ್ಪ ಓದಿದವನಲ್ಲ. ಆದರೆ ಈ ನಾಡಿನಲ್ಲಿ ಬಾಳಿದವನು. ಪರಿಶೀಲನೆಯಲ್ಲಿರುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. “ಆತ್ರಿ,” ಎಂದು ತಲೆ ತಗ್ಗಿಸಿ ಹೋದ. ಮರುದಿನದಿಂದ ಧಾಬಾದ ಕಾರಂಜಿಯ ಪಕ್ಕದಲ್ಲಿ ಮಿರ್ಚಿ ಬಿಡತೊಡಗಿದ.

“ಒಂದು ಮಾತಿತ್ತು,” ಎಂದಳು ಸಕ್ಕೂಬಾಯಿ. “ಇಲ್ಲ ಅನ್ನೂದು. ಸಣ್ಣ ಮಾತು.” ಆ ದಿನ ಅವಳು ಊಟಕ್ಕೆ ತಾನಾಗಿ ಕರೆಯಲಿಲ್ಲ, ಅವನೂ ಘೋಷಿಸಲಿಲ್ಲ.

ಅಡಿಗೆಯವನಿಲ್ಲದ ಹೋಟೆಲಿನಲ್ಲಿ ಮದರಸಾಬ ಒಬ್ಬನೇ ಕೆಲವು ದಿನ ಒದ್ದಾಡಿದ. ಮಿರ್ಚಿ ಕರಿಯಲು ನಿಂತರೆ ಚಹಾ ಉಕ್ಕುತ್ತಿತ್ತು. ಚಹಾ ನೋಡಿದರೆ ಮಿರ್ಚಿ ಕರಕಾಗುತ್ತಿತ್ತು. ಒಂದು ಸಂಜೆ ಗೌರವಾಧ್ಯಕ್ಷ ಮುತ್ತಣ್ಣ ಬಂದು, “ಮದರಸಾಬ್ರ, ತಪ್ಪು ತಿಳೀಬ್ಯಾಡ್ರಿ,” ಎಂದರು. “ಮೊಬೈಲ್ ಅಂಗಡಿಯಾಂವ ಒಬ್ಬ ಗಂಟುಬಿದ್ದಾನ. ಹ್ಯಾಂಗೂ ನೀವು ಬಿಡಾವ್ರ ಅಂತ ಊರಾಗ ಮಾತೈತಿ. ಬಿಡೂದ ಆದ್ರ ಅವನಿಗೇ ಬಿಡೂಣಂತ ಹೂಂ ಅಂದೆ.”

ಮದರಸಾಬ ವಾದಿಸಲಿಲ್ಲ. ಗಿಲಾಸುಗಳನ್ನು ತೊಳೆದು, ಒರೆಸಿ, ಚೀಲದಲ್ಲಿ ಹುಲ್ಲು ಹಾಕಿ ಜೋಡಿಸಿದ. ತಿಂಗಳ ಕೊನೆಗೆ, ಕರೆಪ್ಪ ಹೇಳಿದ ದಿನಕ್ಕೇ ಹೋಟೆಲು ಮುಚ್ಚಿತು. ಕಂಟ್ರೋಲರ್ ಕರೆಪ್ಪ ಘೋಷಿಸಿದ ಸಮಯಕ್ಕೆ ಸರಿಯಾಗಿ ನಡೆದ ಸಂಗತಿ ಅವನ ಆಯುಷ್ಯದಲ್ಲಿ ಇದೊಂದೇ.

“ಬರೋಬ್ಬರಿ ಹೇಳಿದ್ರಿ ನೋಡ್ರಿ ಕಂಟ್ರೋಲರ್!” ಎಂದು ಕನಕರಾಜ ಬೆನ್ನು ತಟ್ಟಿದ. ಆ ತಟ್ಟು ಕರೆಪ್ಪನಿಗೆ ಕಪಾಳಕ್ಕೆ ಬಿದ್ದಂತಾಯಿತು.

ಆಮೇಲಿನ ದಿನಗಳಲ್ಲಿ ಕರೆಪ್ಪನನ್ನು ಬಜಾರದಲ್ಲಿ ಕಂಡವರು, ಆರಾಮಿಲ್ಲೇನೋ ಎಂದುಕೊಂಡರು. ಮುಂಜಾನೆ ಹೊರಡುವನು, ಹೊಸ ಮೊಬೈಲ್ ಅಂಗಡಿಯ ಗಾಜಿನ ತನಕ ಬರುವನು, ಒಳಗೆ ನೋಡುವನು. ತನ್ನ ಕುರ್ಚಿ ಇದ್ದ ಜಾಗದಲ್ಲಿ ಫೋನಿನ ಕವರುಗಳು ಬಣ್ಣಬಣ್ಣವಾಗಿ ತೂಗುತ್ತಿದ್ದವು. “ಏನ್ ಬೇಕ್ರಿ ಅಂಕಲ್?” ಎಂದರೆ, ಏನೂ ಬೇಡ ಎಂದು ತಿರುಗುವನು. ಪೇಪರನ್ನು ಮನೆಗೇ ಹಾಕಿಸಿಕೊಂಡ. ಮನೆಯಲ್ಲಿ ಅದನ್ನು ಮನಸ್ಸಿನಲ್ಲೇ ಓದಬೇಕಾಗಿತ್ತು. ಓದಿ ಮಡಿಚಿಟ್ಟರೆ ಹೊತ್ತು ಇನ್ನೂ ಏರಿರುತ್ತಿರಲಿಲ್ಲ.

ಕೊನೆಗೆ ಒಂದು ಸಂಜೆ ಧೈರ್ಯ ಮಾಡಿ ಮದರಸಾಬನ ಮನೆಗೆ ಹೋದ. ಕಾಶೀಂಬಿ ಬಾಗಿಲು ತೆಗೆದಳು.

“ಬರ್ರಿ ಅಣ್ಣಾರ. ಚಲೋ ಆತು ಬಂದಿದ್ದು. ಇವ್ರನ್ನ ಸ್ವಲ್ಪ ಹೊರಗ ಕರಕೊಂಡು ಹೋಗ್ರಿ. ಮನ್ಯಾಗ ನಾಕು ಗಿಲಾಸ ಅದಾವ, ಮುಂಜಾನಿಂದ ಅವನ್ನ ಒರಸಾಕ ಹತ್ಯಾರ. ಒಂದು ಒಡದೂ ಬಿಟ್ರು.”

ಇಬ್ಬರೂ ಹೊರಟರು. ಬಜಾರದ ತಿರುವಿನಲ್ಲಿ ಕರೆಪ್ಪ ನಿಂತುಬಿಟ್ಟ. ಕಂಟ್ರೋಲರ್ ಕನ್ನಡ ಎಲ್ಲಿಯೋ ಹೋಗಿತ್ತು.

“ಮದರಸಾಬ್ರ, ಒಂದು ಮಾತು... ಆ ಸುದ್ದಿ... ಮುಚ್ಚತೈತಿ ಅಂತ ಮೊದಲು ಅಂದಾಂವ...”

“ನೀವು,” ಎಂದ ಮದರಸಾಬ. “ಗೊತ್ತೈತ್ರಿ. ಮೊದಲನೇ ದಿನಾನ ನಮ್ಮ ಮಂದಿ ನಿಮ್ಮ ಧ್ವನಿ ಕೇಳಿಸಿದ್ರು. ‘ಸಂಚಾರ’ ಅಂದಿದ್ರೆಲ್ಲ, ನಮ್ಮಾಕಿ ನಕ್ಕಿದ್ದ ನಕ್ಕಿದ್ದು.”

ಕರೆಪ್ಪನಿಗೆ ನೆಲ ಬಿರಿಯಬಾರದೇ ಅನ್ನಿಸಿತು. “ಮತ್ತ ಬಾಯಿಬಿಟ್ಟು ಬೈಲಿಲ್ಲ ಯಾಕ? ನಾಕು ಮಂದ್ಯಾಗ ನನ್ನ ಉಗಳಿದ್ರ ಮುಗದಹೋಗ್ತಿತ್ತು. ಹೋಟೆಲ್ ಉಳೀತಿತ್ತು!”

ಮದರಸಾಬ ಹೆಗಲು ಮುಟ್ಟಿಕೊಂಡ. ಅಲ್ಲಿ ಅರಿವೆ ಇರಲಿಲ್ಲ.

“ಬೈಬೇಕಂತ ಮಾಡಿದ್ದೆ,” ಎಂದ. “ಆದ್ರ ಮಂದಿ ಬಂದು ಕೇಳಾಕ ಹತ್ತಿದ್ರು ನೋಡ್ರಿ. ‘ಯಾಕ ಮುಚ್ಚತೀರಿ? ಹ್ಯಾಂಗ ನಡದಿತ್ತು? ತ್ರಾಸ ಏನಿತ್ತು?’ ಅಂತ. ಎಷ್ಟೋ ವರ್ಷದಾಗ ಯಾರೂ ಕೇಳಿರಲಿಲ್ರಿ, ಹ್ಯಾಂಗ ನಡದೈತಿ ಅಂತ. ನಾನೂ ನನ್ನ ಕೇಳಿಕೊಂಡಿರಲಿಲ್ಲ. ಮುಂಜಾನಿ ಎದ್ದೆ, ಶಟರ್ ಎತ್ತಿದೆ, ಒಲಿ ಹಚ್ಚಿದೆ. ಅವ್ರು ಕೇಳಿದ ಮ್ಯಾಲ ಉತ್ತರಾ ಹೇಳ್ಬೇಕಲ್ಲ? ಕುಂತು ವಿಚಾರ ಮಾಡಿದೆ. ಆಗ ತಿಳೀತು, ನಡದಿಲ್ಲ ಅಂತ. ಯಾವಾಗೋ ನಿಂತೈತಿ. ನಾ ಸುಮ್ನ ಒಲಿ ಹಚ್ಚಾಕ ಹತ್ತೇನಿ.”

ಕರೆಪ್ಪ ಬೇರೆಲ್ಲವನ್ನೂ ನಿರೀಕ್ಷಿಸಿದ್ದ, ಬೈಗುಳ, ಶಾಪ, ಮೌನ. ಇದನ್ನು ನಿರೀಕ್ಷಿಸಿರಲಿಲ್ಲ. ತಪ್ಪೆಲ್ಲ ತನ್ನದೇ ಆಗಿದ್ದರೆ ಎಷ್ಟೋ ಹಗುರಾಗಿರುತ್ತಿತ್ತು. ಕಾಲು ಹಿಡಿದು ಬಿಡಬಹುದಿತ್ತು. ಇಡೀ ಊರು ಹಂಚಿಕೊಂಡ ತಪ್ಪಿನಲ್ಲಿ ಅವನ ಪಾಲಿಗೆ ಬಂದದ್ದು ಅರ್ಧ ಕಪ್ಪಿನಷ್ಟೇ.

“ಆದ್ರೂ ಆ ಕಡೀ ಮಿರ್ಚಿ ಐತ್ವಾರ,” ಎಂದ ಮದರಸಾಬ, ನಡೆಯುತ್ತ. “ಹಂಗ ಹಿಟ್ಟು ಕಲಸಿ ಕೈ ನೋಯಿಸ್ಕೊಂಡು ಎಷ್ಟು ದಿನಾ ಆಗಿತ್ತೋ! ನೀವು ಇರದಿದ್ರ ಅದೂ ಆಗ್ತಿರಲಿಲ್ಲ. ನಡೀರಿ, ಚಾ ಕುಡಿಯೂಣು. ನನಗ ಬ್ಯಾರೇದವರ ಚಾ ಕುಡದು ರೂಢಿ ಇಲ್ಲ. ನೀವ ತೋರಸ್ರಿ, ಎಲ್ಲಿ ಚಲೋ ಇರತೈತಿ?”

ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಹೊಸದಾಗಿ ಒಂದು ಚಹಾದ ಅಂಗಡಿಯಾಗಿತ್ತು. ಅಂಗಡಿಯೆಂದರೆ ಒಂದು ಕಿಟಕಿ, ಒಂದು ಯಂತ್ರ. ಗುಂಡಿ ಒತ್ತಿದರೆ ಗುರ್ ಎಂದು ಚಹಾ ಬರುತ್ತಿತ್ತು. ಇಬ್ಬರಿಗೂ ಕಾಗದದ ಕಪ್ಪು ಸಿಕ್ಕಿತು. ಮದರಸಾಬ ಬಗ್ಗಿ ಒಂದು ಗುಟುಕು ಹೀರಿದ, ನಾಲಗೆಯ ಮೇಲೆ ಇಟ್ಟುಕೊಂಡ, ನುಂಗಿದ. ಬಹಳ ಹೊತ್ತಿನ ಮೇಲೆ, “ಬಿಸಿ ಐತಿ,” ಎಂದ. ಅದಕ್ಕಿಂತ ಹೆಚ್ಚಿಗೆ ಅನ್ನುವುದು ವೃತ್ತಿಧರ್ಮವಲ್ಲವೆಂದು ಸುಮ್ಮನಾದ.

ಕಿಟಕಿಯ ಹುಡುಗಿ ಕತ್ತು ಹೊರಗೆ ಹಾಕಿ, “ಯಜ್ಜಾರ, ಸ್ವಲ್ಪ ಆ ಕಡೆ ಸರೀರಿ. ಹಿಂದ ಗಿರಾಕಿ ನಿಂತಾರ,” ಎಂದಳು.

ಸರಿದರು. ಅಲ್ಲಿ ಮೋಟಾರ್‌ಸೈಕಲ್ಲು ನಿಲ್ಲಿಸಲು ಒಬ್ಬ ಬಂದ. ಮತ್ತೆ ಸರಿದರು.

“ಎಲ್ಲೆರ ಕುಂದರೂಣೇನ್ರಿ?” ಎಂದ ಮದರಸಾಬ. “ನಿಂತು ಕುಡದ್ರ ನನಗ ಚಾ ಕುಡದಂಗ ಆಗೂದಿಲ್ಲ.”

ಕರೆಪ್ಪ ಬೀದಿಯ ಈ ತುದಿ ನೋಡಿದ, ಆ ತುದಿ ನೋಡಿದ. ರೋಣದ ಒಂದೊಂದು ಓಣಿ ಅವನಿಗೆ ಗೊತ್ತು. ಯಾವ ಊರಿನ ದಾರಿ ಕೇಳಿದರೂ ಹೇಳಬಲ್ಲ. ಬಾಯಿ ತೆರೆದ. ಕೂರುವ ಜಾಗ ಒಂದೂ ಹೊಳೆಯಲಿಲ್ಲ.

ಚಹಾ ಆರತೊಡಗಿತ್ತು. ಇಬ್ಬರೂ ಗಟಾರದ ಅಂಚಿಗೆ ಸರಿದು ನಿಂತುಕೊಂಡೇ ಕುಡಿದರು.